ಕಟ್ಟಿದವರ ಹೊಣೆ: ಬೇಸಿಗೆ, ನಾಯಿ ಮತ್ತು ಧರ್ಮ

ನಾಯಿ ಸಾಕಿದವರು ಬೇಸಿಗೆಯಲ್ಲಿ ಅದಕ್ಕೆ ನೀರು, ನೆರಳು, ಹದವಾದ ಓಡಾಟ ಒದಗಿಸುವುದು ದಯೆಯ ಮಾತೋ, ಋಣದ ಮಾತೋ? ದಯೆಯಾದರೆ ಮಾಡಿದವರಿಗೆ ಪುಣ್ಯ, ಮಾಡದವರಿಗೆ ದೋಷವಿಲ್ಲ. ಋಣವಾದರೆ ಮಾಡಿದವರಿಗೆ ವಿಶೇಷ ಪುಣ್ಯವೇನೂ ಇಲ್ಲ, ಮಾಡದವರು ಮಾತ್ರ ಸಾಲಗಾರರಾಗಿ ಉಳಿಯುತ್ತಾರೆ. ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ ಸೀಮೆಯಲ್ಲಿ ಈ ಪ್ರಶ್ನೆಗೆ ಬೇರೆಡೆಗಿಂತ ಹೆಚ್ಚು ತೂಕವಿದೆ. ಮಾರ್ಚ್‌ನಿಂದ ಮೇ ತನಕ ಇಲ್ಲಿನ ಬಿಸಿಲು ಕಟು. ಏಪ್ರಿಲ್‌ನ ಮಧ್ಯಾಹ್ನಗಳಲ್ಲಿ ಉಷ್ಣಾಂಶ 38ರಿಂದ 40 ಡಿಗ್ರಿ ಸೆಲ್ಸಿಯಸ್ ಆಸುಪಾಸಿಗೆ ಏರುವುದುಂಟು. ಮನುಷ್ಯನೇ ದೇವರ ಮುಂದೆ ನಾಯಿಯಾಗಿ ನಿಲ್ಲುವ ಮೈಲಾರನ ಪಂಥ ಬೇರೂರಿರುವ ನೆಲವೂ ಇದೇ. ಹಾಗಾಗಿ ಇಲ್ಲಿ ನಾಯಿಯ ದಾಹವನ್ನು ಬರೀ ಪಶುವೈದ್ಯರ ವಿಷಯವೆಂದು ಬಿಟ್ಟುಬಿಡಲಾಗದು.

ಋಣವನ್ನು ಅಳೆಯುವ ಮೊದಲು ನಾಯಿಯ ಮೈ ಬಿಸಿಲನ್ನು ಹೇಗೆ ತಾಳುತ್ತದೆ ಎಂಬುದು ಗೊತ್ತಿರಬೇಕು. ಮನುಷ್ಯನ ಮೈತುಂಬ ಬೆವರುತ್ತದೆ. ಆ ಬೆವರು ಆರುವಾಗ ಮೈ ತಂಪಾಗುತ್ತದೆ. ನಾಯಿಗೆ ತಂಪು ತರುವಂಥ ಬೆವರಿನ ಗ್ರಂಥಿಗಳಿರುವುದು ಅಂಗಾಲಿನ ಮೆತ್ತೆಗಳಲ್ಲಿ ಮಾತ್ರ, ಅವುಗಳಿಂದ ಆಗುವ ಉಪಕಾರವೂ ಅಲ್ಪ. ಅದರ ಮುಖ್ಯ ದಾರಿ ಏದುಸಿರು. ವಿಶ್ರಾಂತಿಯಲ್ಲಿ ನಿಮಿಷಕ್ಕೆ ಇಪ್ಪತ್ತು ಮೂವತ್ತು ಸಲ ಉಸಿರಾಡುವ ನಾಯಿ ಸೆಕೆಯಲ್ಲಿ ಮುನ್ನೂರರಾಚೆಗೂ ಹೋಗುತ್ತದೆ. ನಾಲಿಗೆ, ಬಾಯಿ, ಮೂಗಿನ ಒಳಪೊರೆಯ ತೇವ ಆವಿಯಾಗುತ್ತ ರಕ್ತದ ಕಾವನ್ನು ಹೊರಗೆ ಒಯ್ಯುತ್ತದೆ. ಅದರ ಸಹಜ ಉಷ್ಣತೆ 38ರಿಂದ 39 ಡಿಗ್ರಿ. ಹೊರಗಿನ ಗಾಳಿಯೂ ಅಷ್ಟೇ ಕಾದಿರುವಾಗ ಗಾಳಿ ಬೀಸಿದರೂ ಮೈ ಆರುವುದಿಲ್ಲ. ಬಾಯಿಯ ತೇವವೊಂದೇ ಆಸರೆ, ಆ ತೇವ ಬರಬೇಕಾದದ್ದು ಕುಡಿದ ನೀರಿನಿಂದ. ಮೈಕಾವು 41 ಡಿಗ್ರಿ ದಾಟಿತೆಂದರೆ ಮಿದುಳು, ಕರುಳು, ಮೂತ್ರಪಿಂಡಗಳಿಗೆ ಪೆಟ್ಟು ಬೀಳತೊಡಗುತ್ತದೆ. ರಕ್ತ ಹೆಪ್ಪುಗಟ್ಟುವ ವ್ಯವಸ್ಥೆಯೇ ಕೆಡಬಹುದು. ಆಮೇಲೆ ಎಷ್ಟು ನೀರು ಕೊಟ್ಟರೂ ಎಲ್ಲ ನಾಯಿಗಳೂ ಉಳಿಯುವುದಿಲ್ಲ.

ಈ ಸೀಮೆಯ ಬೇಸಿಗೆಗೆ ಎರಡು ಮುಖಗಳಿವೆ. ಮಾರ್ಚ್, ಏಪ್ರಿಲ್‌ನದು ಒಣ ಬಿಸಿಲು. ಗಾಳಿಯಲ್ಲಿ ತೇವ ಕಡಿಮೆಯಿರುವುದರಿಂದ ನೀರು ಸಿಗುತ್ತಿರುವ ತನಕ ಏದುಸಿರಿನ ಉಪಾಯ ಕೆಲಸ ಮಾಡುತ್ತದೆ. ಮೇ ತಿಂಗಳ ಅಡ್ಡಮಳೆಗಳ ನಡುವಿನ ದಿನಗಳು ಹಾಗಲ್ಲ. ಉಷ್ಣಾಂಶ ನಾಲ್ಕೈದು ಡಿಗ್ರಿ ಇಳಿದು ಜನ ನಿಟ್ಟುಸಿರು ಬಿಟ್ಟಿರುತ್ತಾರೆ, ಆದರೆ ತೇವ ತುಂಬಿದ ಗಾಳಿಯಲ್ಲಿ ನಾಯಿಯ ಬಾಯಿಯ ನೀರು ಬೇಗ ಆರುವುದಿಲ್ಲ. ಮೋಡ ಕವಿದ ಸಂಜೆಯೆಂದು ನಾಯಿಯನ್ನು ಹೆಚ್ಚು ಓಡಿಸುವುದು ಈ ಕಾರಣಕ್ಕೆ ಅಪಾಯಕರ. ಚಪ್ಪಟೆ ಮೂತಿಯ ಪಗ್, ಬುಲ್‌ಡಾಗ್‌ಗಳಿಗೆ ಆವಿಯಾಗಿಸುವ ಒಳಪೊರೆಯೇ ಕಡಿಮೆ, ಉಸಿರಿನ ದಾರಿಯೂ ಇಕ್ಕಟ್ಟು. ಹಸ್ಕಿಯಂಥ ದಟ್ಟ ತುಪ್ಪಳದ ನಾಯಿಗಳ ಮೈ ಹಿಮದ ನಾಡಿಗಾಗಿ ಬೆಳೆದದ್ದು. ಅವನ್ನು ರಾಣೆಬೆನ್ನೂರಿನ ತಗಡಿನ ಶೆಡ್ಡಿನಲ್ಲಿ ಕಟ್ಟುವ ಮನೆಯವರು ಕೊಳ್ಳುವ ದಿನವೇ ದೊಡ್ಡದೊಂದು ಹೊಣೆಯನ್ನು ಹೊತ್ತಿರುತ್ತಾರೆ, ಅದು ಅವರಿಗೆ ತಿಳಿದಿರಲಿ ತಿಳಿಯದಿರಲಿ. ಮುಪ್ಪಿನ, ಬೊಜ್ಜಿನ, ಹೃದ್ರೋಗದ ನಾಯಿಗಳೂ ಇದೇ ಸಾಲಿನವು.

ಧರ್ಮವಿಚಾರಕ್ಕೆ ಇವೆಲ್ಲಕ್ಕಿಂತ ಮುಖ್ಯವಾದ ಸಂಗತಿ ಇನ್ನೊಂದಿದೆ. ಬ್ರಿಟನ್ನಿನ ಪಶುವೈದ್ಯರ ದಾಖಲೆಗಳನ್ನು ಪರಿಶೀಲಿಸಿ 2020ರಲ್ಲಿ ಪ್ರಕಟಿಸಿದ ಅಧ್ಯಯನವೊಂದರ ಪ್ರಕಾರ, ಕಾರಣ ದಾಖಲಾಗಿದ್ದ ಶಾಖಾಘಾತದ ಪ್ರಕರಣಗಳಲ್ಲಿ ಸುಮಾರು ಮುಕ್ಕಾಲು ಪಾಲು ನಾಯಿಗಳು ಕುಸಿದದ್ದು ಓಟ, ಆಟ, ನಡಿಗೆಯಂಥ ವ್ಯಾಯಾಮದಿಂದ. ಮುಚ್ಚಿದ ವಾಹನದಲ್ಲಿ ಸಿಕ್ಕಿಕೊಂಡವು ನೂರಕ್ಕೆ ಐದರಷ್ಟು ಮಾತ್ರ. ಎಂದರೆ ಹೆಚ್ಚಿನ ನಾಯಿಗಳು ಕುಸಿಯುವುದು ಯಾರ ದ್ವೇಷದಿಂದಲೂ ಅಲ್ಲ, ಒಡೆಯನ ಜೊತೆ ಸಂತೋಷದಿಂದ ಓಡುವಾಗ. ಬಿಸಿಲಿನಲ್ಲಿ ಸೈಕಲ್ಲಿನ ಹಿಂದೆ ಓಡುವ ನಾಯಿಗೆ ಸುಸ್ತಾಗಿರುತ್ತದೆ, ಆದರೂ ಅದು ನಿಲ್ಲುವುದಿಲ್ಲ. ಒಡೆಯ ಮುಂದೆ ಹೋಗುತ್ತಿದ್ದಾನೆ ಎಂಬುದಷ್ಟೇ ಅದಕ್ಕೆ ಸಾಕು. ಒಲ್ಲೆ ಎನ್ನಲಾರದ ಜೀವದ ಪರವಾಗಿ ಸಾಕು ಎನ್ನುವ ಹೊಣೆ ಯಾರದು? ಇಲ್ಲಿಂದ ಮುಂದಿನದು ನಿಷ್ಠೆಯ ಪ್ರಶ್ನೆ, ಮತ್ತು ನಿಷ್ಠೆಯೇ ಮೈಲಾರನ ಪಂಥದ ತಿರುಳು.

ರಾಣೆಬೆನ್ನೂರು ತಾಲ್ಲೂಕಿನ ದೇವರಗುಡ್ಡದಲ್ಲಿ ಮೈಲಾರನನ್ನು ಮಾಲತೇಶನೆಂದು ಪೂಜಿಸುತ್ತಾರೆ. ಮಹಾನವಮಿಯ ಹೊತ್ತಿನಲ್ಲಿ ಅಲ್ಲಿ ಕಾರ್ಣಿಕ, ಎಂದರೆ ವರ್ಷದ ಭವಿಷ್ಯವಾಣಿ, ನುಡಿಯುತ್ತದೆ. ತುಂಗಭದ್ರೆಯ ಆಚೆ ದಡದಲ್ಲಿ, ಈಗಿನ ವಿಜಯನಗರ ಜಿಲ್ಲೆಯ ಹೂವಿನಹಡಗಲಿ ತಾಲ್ಲೂಕಿನ ಮೈಲಾರದಲ್ಲಿ, ಭರತ ಹುಣ್ಣಿಮೆಯ ಸಮಯಕ್ಕೆ ದೊಡ್ಡ ಜಾತ್ರೆ ನೆರೆಯುತ್ತದೆ. ಬಿಸಿಲು ಬಲಿಯತೊಡಗುವ ದಿನಗಳವು. ಮಣಿಕಾಸುರ ಮಲ್ಲಾಸುರರನ್ನು ಕೊಂದ ಈ ದೇವರು ಕುದುರೆಯೇರಿ ಕತ್ತಿ, ತ್ರಿಶೂಲ, ಡಮರು ಹಿಡಿದವನು; ಜೊತೆಗೆ ನಾಯಿ ಇದ್ದೇ ಇರುತ್ತದೆ. ಮರಾಠಿ ನಾಡಿನ ಖಂಡೋಬನೂ ಇವನೇ. ಅವನ ಭಕ್ತರಾದ ಗೊರವರು ಕಪ್ಪು ಕಂಬಳಿ ಹೊದ್ದು, ಹಣೆತುಂಬ ಭಂಡಾರದ ಅರಿಶಿನ ಬಳಿದುಕೊಂಡು, ಡಮರುಗ ನುಡಿಸುತ್ತ ಊರೂರು ತಿರುಗುತ್ತಾರೆ. ಹರಕೆ ಹೊತ್ತವರು ದೋಣಿಯೆಂಬ ಪಾತ್ರೆ ತುಂಬಿಸುವ ಸೇವೆ ಮಾಡಿಸಿದಾಗ ಹಾಲು, ತುಪ್ಪ, ಸಕ್ಕರೆ, ಬಾಳೆಹಣ್ಣು ಕಲಸಿದ ಪ್ರಸಾದವನ್ನು ದೋಣಿಗೆ ಸುರಿಯುತ್ತಾರೆ. ಗೊರವರು ಮೊಣಕಾಲೂರಿ, ಬೊಗಳುತ್ತ, ಗುರುಗುಟ್ಟುತ್ತ, ಒಬ್ಬರ ಮೇಲೊಬ್ಬರು ಬಿದ್ದು, ಬಾಯಿಯಿಂದಲೇ ಅದನ್ನು ತಿನ್ನುತ್ತಾರೆ.

ಈ ಆಚರಣೆಯನ್ನು ದೂರದಿಂದ ನೋಡಿದವರು ಇದನ್ನು ಹೀನಾಯವೆಂದು ಬಗೆದದ್ದುಂಟು. ಒಳಗಿನಿಂದ ನೋಡಿದರೆ ಅರ್ಥ ತಿರುಗಾಮುರುಗಾ ಆಗುತ್ತದೆ. ಜಾತಿಯ ನಾಡಿನಲ್ಲಿ ಮನುಷ್ಯ ತನಗಿಂತ ಕೆಳಗೆ ಇನ್ನೊಂದು ಜೀವವನ್ನು ಇಟ್ಟುಕೊಂಡೇ ದೊಡ್ಡವನಾಗುತ್ತಾನೆ. ಗೊರವ ಆ ಏಣಿಯ ಕೊನೆಯ ಮೆಟ್ಟಿಲಿಗೆ ತಾನೇ ಇಳಿದು, ಅಲ್ಲಿಂದ ದೇವರನ್ನು ನೋಡುತ್ತಾನೆ. ಒಡೆಯನೆಂಬವನು ಒಬ್ಬನೇ, ಅವನ ಮುಂದೆ ಎಲ್ಲರೂ ಅವನ ಬಾಗಿಲ ನಾಯಿಗಳು ಎಂಬ ನಿಲುವು ಇದರಲ್ಲಿದೆ. ಆದರೆ ಈ ನಿಲುವಿನಿಂದ ಒಂದು ತೊಡಕಿನ ಪ್ರಶ್ನೆ ಹುಟ್ಟುತ್ತದೆ. ಭಕ್ತನು ದೇವರಿಂದ ನಾಯಿಯಾಗಿ ಏನನ್ನು ಬಯಸುತ್ತಾನೆ? ತನ್ನನ್ನು ಕೈಬಿಡಬಾರದು, ಹಸಿದಾಗ ಅನ್ನ, ಬಳಲಿದಾಗ ಆಸರೆ ಕೊಡಬೇಕು ಎಂದು ತಾನೆ? ಹಾಗಾದರೆ ಅವನ ಮನೆಯಂಗಳದ ನಿಜವಾದ ನಾಯಿಗೆ ಅವನೇ ಒಡೆಯ. ದೇವರಿಂದ ಬೇಡಿದ್ದನ್ನು ಅವನು ಅದಕ್ಕೆ ಕೊಟ್ಟಿದ್ದಾನೆಯೇ? ಜಾತ್ರೆಯ ದೋಣಿಯಲ್ಲಿ ಹಾಲು ತುಂಬಿ, ಹಿತ್ತಲ ಬೋಗುಣಿಯಲ್ಲಿ ನೀರು ಆರಿಹೋಗಿದ್ದರೆ ಸೇವೆ ಅರ್ಧವೇ ಆದಂತೆ. ಪಂಥದ ತರ್ಕವೇ ಈ ಮಾತನ್ನು ಹೇಳಿಸುತ್ತದೆ, ಹೊರಗಿನ ಯಾವ ಸುಧಾರಣೆಯ ಬೋಧೆಯೂ ಇದಕ್ಕೆ ಬೇಕಿಲ್ಲ.

ಕನ್ನಡ ನಾಡು ನಾಯಿಯ ನಿಷ್ಠೆಗೆ ಕಲ್ಲು ನೆಟ್ಟು ಗೌರವಿಸಿದ್ದೂ ಉಂಟು. ಮಂಡ್ಯ ಜಿಲ್ಲೆಯ ಆತಕೂರಿನ ಶಾಸನ ಕ್ರಿ.ಶ. 949-50ರದು. ರಾಷ್ಟ್ರಕೂಟ ಮೂರನೆಯ ಕೃಷ್ಣನ ಪರವಾಗಿ ಗಂಗರ ಬೂತುಗ ಚೋಳರೊಡನೆ ಕಾದಿದಾಗ ಅವನ ಭಟ ಮಣಲೆರ ಪರಾಕ್ರಮ ತೋರಿದ. ಏನು ಬೇಕೆಂದು ಕೇಳಿದಾಗ ಅವನು ಬೇಡಿದ್ದು ಕಾಳಿ ಎಂಬ ಬೇಟೆನಾಯಿಯನ್ನು. ಆ ನಾಯಿ ಕಾಡುಹಂದಿಯೊಂದಿಗೆ ಹೋರಾಡಿತು, ಎರಡೂ ಸತ್ತವು. ಮಣಲೆರ ಚಲ್ಲೇಶ್ವರ ಗುಡಿಯ ಮುಂದೆ ಕಲ್ಲು ನೆಡಿಸಿ, ಅದರ ಪೂಜೆಗೆ ಭೂಮಿ ಬಿಟ್ಟ. ಆ ಭೂಮಿಯನ್ನು ನೋಡಿಕೊಳ್ಳುವ ಗೊರವ, ಎಂದರೆ ಅಂದಿನ ಶೈವ ಅರ್ಚಕ, ಕಲ್ಲಿಗೆ ಪೂಜೆ ಮಾಡದೆ ಉಂಡರೆ ಪಾಪಕ್ಕೆ ಗುರಿಯಾಗುತ್ತಾನೆ ಎಂಬ ಎಚ್ಚರಿಕೆಯೂ ಶಾಸನದಲ್ಲಿದೆ. ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿರುವ ಆ ಕಲ್ಲು ಅಪೂರ್ವವಾದದ್ದು. ಸತ್ತ ನಾಯಿಯ ಹಕ್ಕನ್ನು ಊಟಕ್ಕಿಂತ ಮುಂಚೆ ಸಲ್ಲಿಸಬೇಕಾದ ನಿತ್ಯದ ಬಾಧ್ಯತೆಯೆಂದು ಅದು ಬರೆದಿಟ್ಟಿದೆ. ಸತ್ತ ನಾಯಿಗೆ ಇಷ್ಟು ಸಲ್ಲಬೇಕಾದರೆ ಬದುಕಿರುವ ನಾಯಿಗೆ ಸಲ್ಲಬೇಕಾದದ್ದು ಇನ್ನೂ ಹೆಚ್ಚು. ಅದಕ್ಕೆ ಬೇಕಾದದ್ದು ಕಲ್ಲಲ್ಲ, ಹೊತ್ತಿಗೆ ಸರಿಯಾಗಿ ತುಂಬಿಟ್ಟ ನೀರು.

ಇಲ್ಲಿ ಭಕ್ತಿಯ ಕಡೆಯಿಂದಲೇ ಒಂದು ಆಕ್ಷೇಪ ಬರುತ್ತದೆ. ಬ್ಯಾಡಗಿ ತಾಲ್ಲೂಕಿನ ಕಾಗಿನೆಲೆಯ ಆದಿಕೇಶವನನ್ನು ಆರಾಧಿಸಿದ ಕನಕದಾಸರು ತಲ್ಲಣಿಸುವ ಮನಸ್ಸನ್ನು ಸಂತೈಸುವ ಕೀರ್ತನೆಯೊಂದರಲ್ಲಿ ಗುಡ್ಡದ ನೆತ್ತಿಯ ಗಿಡವನ್ನೂ ಬಂಡೆಯೊಳಗಿನ ಕಪ್ಪೆಯನ್ನೂ ಪೊರೆಯುವವನು ಎಲ್ಲರನ್ನೂ ಪೊರೆಯುತ್ತಾನೆಂಬ ಭರವಸೆ ಕೊಡುತ್ತಾರೆ. ಸೃಷ್ಟಿಸಿದವನೇ ಸಾಕುವನಾದರೆ ನಾಯಿಯ ನೀರಿನ ಚಿಂತೆ ಮನುಷ್ಯನಿಗೇಕೆ? ಈ ಆಕ್ಷೇಪಕ್ಕೆ ಉತ್ತರ ಕೀರ್ತನೆಯ ಉದಾಹರಣೆಗಳಲ್ಲಿಯೇ ಇದೆ. ಗುಡ್ಡದ ಗಿಡವನ್ನು ಯಾರೂ ನೆಟ್ಟಿಲ್ಲ, ಬಂಡೆಯ ಕಪ್ಪೆಯನ್ನು ಯಾರೂ ಕಟ್ಟಿಲ್ಲ. ಅವುಗಳ ಮತ್ತು ಸೃಷ್ಟಿಕರ್ತನ ನಡುವೆ ಮನುಷ್ಯ ಬಂದಿಲ್ಲ. ಬಿಟ್ಟ ನಾಯಿಗೆ ತನ್ನದೇ ಜಾಣತನವಿದೆ. ಹನ್ನೊಂದು ಗಂಟೆಗೆ ಅದು ಬೇವಿನ ಬುಡ ಹುಡುಕುತ್ತದೆ, ಬಚ್ಚಲ ನೀರು ಹರಿಯುವ ಹಸಿ ಮಣ್ಣನ್ನು ಕೆದರಿ ಹೊಟ್ಟೆಯೂರಿ ಮಲಗುತ್ತದೆ, ಬಿಸಿಲು ಸರಿದಂತೆ ತಾನೂ ಸರಿಯುತ್ತದೆ. ದೇವರು ಅದಕ್ಕೆ ಕೊಟ್ಟ ರಕ್ಷಣೆ ಆ ಜಾಣತನವೇ. ಕೊರಳಿಗೆ ಸರಪಳಿ ಬಿದ್ದ ಕ್ಷಣ ಆ ರಕ್ಷಣೆ ನಿಷ್ಫಲವಾಗುತ್ತದೆ. ಬೆಳಿಗ್ಗೆ ನೆರಳಿದ್ದ ಕಂಬದ ಬುಡ ಮಧ್ಯಾಹ್ನ ಎರಡಕ್ಕೆ ಸುಡುವ ಗಾರೆಯಾಗಿರುತ್ತದೆ. ನಾಯಿಗೆ ಅದು ಗೊತ್ತು, ಎದ್ದು ಹೋಗುವ ದಾರಿ ಮಾತ್ರ ಇಲ್ಲ. ಕಟ್ಟಿದವನು ದೇವರ ಕೆಲಸವನ್ನು ದೇವರ ಕೈಯಿಂದ ತಾನೇ ತೆಗೆದುಕೊಂಡಿದ್ದಾನೆ. ಅದನ್ನು ಪೂರ್ತಿ ಮಾಡುವುದೂ ಅವನ ಪಾಲಿನದೇ. ಆದ್ದರಿಂದ ಸಾಕಿದ ನಾಯಿಯ ಬೇಸಿಗೆಯ ಆರೈಕೆ ಋಣ, ದಾನವಲ್ಲ.

ಇನ್ನೊಂದು ಆಕ್ಷೇಪ ಕರ್ಮದ್ದು. ನಾಯಿಯ ಜನ್ಮ ಹಿಂದಿನ ಪಾಪದ ಫಲ, ಅದರ ಸಂಕಟ ಅದರ ಲೆಕ್ಕದ್ದು ಎಂಬ ಮಾತು ಹಳ್ಳಿಯ ಕಟ್ಟೆಗಳಲ್ಲಿ ಇಂದಿಗೂ ಕೇಳುತ್ತದೆ. ಕರ್ಮಸಿದ್ಧಾಂತವನ್ನು ಎಲ್ಲರಿಗಿಂತ ಬಿಗಿಯಾಗಿ ಹಿಡಿದ ಜೈನರು ಈ ಮಾತನ್ನು ಒಪ್ಪಲಿಲ್ಲವೆಂಬುದು ಗಮನಿಸಬೇಕಾದ ಸಂಗತಿ. ಹಾವೇರಿ ಜಿಲ್ಲೆಯ ಬಂಕಾಪುರದಲ್ಲಿ ಶಕ 820ರಲ್ಲಿ, ಎಂದರೆ ಕ್ರಿ.ಶ. 898ರ ಸುಮಾರಿಗೆ, ಗುಣಭದ್ರಾಚಾರ್ಯರ ಉತ್ತರಪುರಾಣಕ್ಕೆ ಪೂಜೆ ಸಂದಿತು. ಅದರಲ್ಲಿ ಬರುವ ಜೀವಂಧರನ ಕಥೆಯನ್ನು ಕನ್ನಡದಲ್ಲಿ ಭಾಸ್ಕರ ಕವಿ 1424ರಲ್ಲಿ ಜೀವಂಧರಚರಿತೆಯಾಗಿ ಹೇಳಿದ. ಪೆಟ್ಟು ತಿಂದು ಸಾಯುತ್ತಿದ್ದ ನಾಯಿಯೊಂದನ್ನು ಕಂಡ ರಾಜಕುಮಾರ ಅದರ ಕಿವಿಯಲ್ಲಿ ಪಂಚನಮಸ್ಕಾರ ಮಂತ್ರ ಹೇಳುತ್ತಾನೆ; ನಾಯಿ ಯಕ್ಷನಾಗಿ ಹುಟ್ಟಿ ಮುಂದೆ ಅವನಿಗೆ ನೆರವಾಗುತ್ತದೆ. ನಾಯಿಯ ಮೈಯಲ್ಲಿರುವ ಜೀವ ಮನುಷ್ಯನ ಜೀವದಷ್ಟೇ ಏರಬಲ್ಲದ್ದು ಎಂಬುದು ಇಲ್ಲಿನ ನಂಬಿಕೆ. ಜೈನರ ನಾಲ್ಕು ದಾನಗಳಲ್ಲಿ ಆಹಾರ, ಔಷಧ, ಅಭಯ ಮೂರೂ ಪ್ರಾಣಿಗೆ ನೇರವಾಗಿ ತಲಪುವಂಥವು. ಮಂತ್ರ ಹೇಳಿದ್ದು ಉಳಿಸುವ ಬೇರೆ ದಾರಿ ಇಲ್ಲದಾಗ ಎಂಬುದನ್ನೂ ಮರೆಯಬಾರದು. ಉಳಿಸುವ ದಾರಿ ಇದ್ದಾಗ ಮೊದಲು ಮಾಡಬೇಕಾದ ಕೆಲಸ ಬೇರೆ. ಕುಸಿದ ನಾಯಿಯನ್ನು ನೆರಳಿಗೆ ತಂದು, ಮೈತುಂಬ, ಅದರಲ್ಲೂ ಹೊಟ್ಟೆ, ತೊಡೆಸಂದು, ಕಿವಿ, ಪಾದಗಳಿಗೆ ತಣ್ಣೀರು ಹೊಯ್ಯುತ್ತ ಜೋರಾಗಿ ಗಾಳಿ ಬೀಸಬೇಕು. ಎಚ್ಚರವಿದ್ದರೆ ಗುಟುಕು ಗುಟುಕಾಗಿ ನೀರು ಕುಡಿಯಲು ಬಿಡಬೇಕು, ಎಚ್ಚರ ತಪ್ಪಿದ್ದರೆ ಬಾಯಿಗೆ ಸುರಿಯಲೇಬಾರದು. ಒದ್ದೆ ಗೋಣಿಚೀಲ ಹೊದಿಸಿ ಹಾಗೆಯೇ ಬಿಟ್ಟರೆ ಅದರಡಿಯಲ್ಲಿ ಕಾವು ಕೂಡುತ್ತದೆ. ಮೈ ತಂಪಾಗತೊಡಗಿದ ಮೇಲೆ ಪಶು ಆಸ್ಪತ್ರೆಗೆ ಒಯ್ಯಬೇಕು. ಚೇತರಿಸಿಕೊಂಡಂತೆ ಕಂಡ ನಾಯಿಗೂ ಮರುದಿನ ಮೂತ್ರಪಿಂಡ ಕೈಕೊಡುವುದುಂಟು, ಆದ್ದರಿಂದ ಈ ಹೆಜ್ಜೆಯನ್ನು ಬಿಡುವಂತಿಲ್ಲ.

ಇದೇ ಸೀಮೆಯ ಮಸೀದಿಗಳಲ್ಲಿ ಪ್ರವಚನಕಾರರು ಹೇಳುವ ಹದೀಸ್ ಕಥೆಯೊಂದು ನೇರವಾಗಿ ಬೇಸಿಗೆಯದೇ. ದಾಹದಿಂದ ಬಾವಿಗಿಳಿದು ನೀರು ಕುಡಿದು ಮೇಲೆ ಬಂದವನೊಬ್ಬ, ನಾಲಿಗೆ ಚಾಚಿ ಒದ್ದೆ ಮಣ್ಣು ನೆಕ್ಕುತ್ತಿದ್ದ ನಾಯಿಯನ್ನು ಕಂಡ. ಮತ್ತೆ ಇಳಿದು, ತನ್ನ ಪಾದರಕ್ಷೆಯಲ್ಲಿ ನೀರು ತುಂಬಿ, ಅದನ್ನು ಬಾಯಲ್ಲಿ ಕಚ್ಚಿ ಹತ್ತಿಬಂದು ಕುಡಿಸಿದ. ಅವನ ಪಾಪಗಳು ಕ್ಷಮಿಸಲ್ಪಟ್ಟವು. ಪ್ರಾಣಿಗಳಿಗೆ ಮಾಡಿದ್ದಕ್ಕೂ ಫಲವುಂಟೇ ಎಂದು ಕೇಳಿದ ಸಂಗಡಿಗರಿಗೆ ಪ್ರವಾದಿಯವರು ಜೀವವಿರುವ ಪ್ರತಿಯೊಂದರ ಸೇವೆಗೂ ಫಲವುಂಟೆಂದು ಹೇಳಿದರು. ನಾಯಿಯ ಜೊಲ್ಲಿನ ಶುದ್ಧಾಶುದ್ಧಿಯ ವಿಚಾರದಲ್ಲಿ ಕಟ್ಟುನಿಟ್ಟಾದ ಧರ್ಮವೊಂದು ದಾಹದ ಮುಂದೆ ಆ ವಿಚಾರವನ್ನು ಅಡ್ಡ ತರಲಿಲ್ಲ. ಆ ಮನುಷ್ಯನಿಗೆ ನಾಯಿಯ ದಾಹ ತಿಳಿದದ್ದು ತಾನೂ ಅದೇ ದಾಹವನ್ನು ಆಗಷ್ಟೇ ಅನುಭವಿಸಿದ್ದರಿಂದ. ನಾಯಿ ಅವನದಲ್ಲ, ಆದ್ದರಿಂದ ಅವನು ಮಾಡಿದ್ದು ನಿಜವಾದ ದಾನ. ಕಟ್ಟಿದವನ ಋಣಕ್ಕಿಂತ ಇದು ಬೇರೆ.

ವೈದಿಕ ಪರಂಪರೆಯ ನಿಲುವು ಒಂದೇ ಗೆರೆಯಲ್ಲಿ ಸಾಗುವುದಿಲ್ಲ. ಗೃಹಸ್ಥನ ಪಂಚಮಹಾಯಜ್ಞಗಳಲ್ಲಿ ಭೂತಯಜ್ಞವೊಂದು. ಅದರಂತೆ ನಾಯಿಗೂ ಕಾಗೆಗೂ ದಿನವೂ ಅನ್ನದ ಪಾಲು ನೆಲದ ಮೇಲೆ ಸಲ್ಲಬೇಕು. ಆದರೆ ಮನುಸ್ಮೃತಿ ಅದೇ ಉಸಿರಿನಲ್ಲಿ ಪತಿತರನ್ನೂ ಶ್ವಪಚರನ್ನೂ, ಎಂದರೆ ನಾಯಿಮಾಂಸ ಬೇಯಿಸುವವರೆಂದು ಹೊರಗಿಟ್ಟವರನ್ನೂ, ನಾಯಿಯ ಸಾಲಿಗೆ ಸೇರಿಸುತ್ತದೆ. ಪ್ರಾಣಿಗೆ ಪಾಲಿಟ್ಟ ಕೈಯೇ ಮನುಷ್ಯರನ್ನು ಹೊರಗಿಟ್ಟದ್ದನ್ನು ಮುಚ್ಚಿಟ್ಟು ಈ ವಿಧಿಯನ್ನು ಹೊಗಳುವುದು ಸರಿಯಲ್ಲ. ಬ್ರಾಹ್ಮಣನಲ್ಲೂ ಹಸುವಿನಲ್ಲೂ ನಾಯಿಯಲ್ಲೂ ಶ್ವಪಾಕನಲ್ಲೂ ಜ್ಞಾನಿ ಒಂದನ್ನೇ ಕಾಣುತ್ತಾನೆಂದು ಗೀತೆಯ ಐದನೆಯ ಅಧ್ಯಾಯ ಹೇಳುವಾಗ ಅದೇ ಸಾಲು ತಿರುಗಿ ನಿಲ್ಲುತ್ತದೆ. ಇವೆಲ್ಲಕ್ಕಿಂತ ಜನರ ಮನಸ್ಸಿನಲ್ಲಿ ಗಟ್ಟಿಯಾಗಿ ನಿಂತಿರುವುದು ಧರ್ಮರಾಯನ ನಾಯಿ. ಗದುಗಿನ ಕುಮಾರವ್ಯಾಸ ಹತ್ತು ಪರ್ವಗಳಿಗೇ ನಿಲ್ಲಿಸಿದ್ದರಿಂದ ಮಹಾಪ್ರಸ್ಥಾನದ ಕಥೆ ಅವನ ಕಾವ್ಯದಲ್ಲಿಲ್ಲ. ಆದರೂ ಅದನ್ನು ತಿಳಿಯದ ಹಳ್ಳಿಯಿಲ್ಲ. ಹೆಂಡತಿ, ತಮ್ಮಂದಿರು ದಾರಿಯಲ್ಲಿ ಬಿದ್ದ ಮೇಲೂ ಹಿಂಬಾಲಿಸಿದ ನಾಯಿಯನ್ನು ಬಿಟ್ಟು ಸ್ವರ್ಗದ ರಥವೇರಲು ಯುಧಿಷ್ಠಿರ ಒಪ್ಪುವುದಿಲ್ಲ. ಅವನ ವಾದ ನಾಯಿಯ ಯೋಗ್ಯತೆಯ ಮೇಲೆ ನಿಂತಿಲ್ಲ. ನಂಬಿ ಬಂದದ್ದನ್ನು ಬಿಡುವುದು ತನಗೆ ಸಲ್ಲದು, ಅಷ್ಟೇ. ಮರಿಯಾಗಿದ್ದಾಗ ಸಾವಿರಾರು ರೂಪಾಯಿ ಕೊಟ್ಟು ತಂದ ಜಾತಿನಾಯಿಯನ್ನು ಬೇಸಿಗೆಯ ಖರ್ಚಿಗೆ ಬೇಸತ್ತು ಊರಾಚೆ ಇಳಿಸಿ ಬರುವವರ ಮುಂದೆ ನಿಲ್ಲುವ ಮಾತೂ ಇದೇ.

ಋಣವೆಂದು ಒಪ್ಪಿದ ಮೇಲೆ ಅದನ್ನು ತೀರಿಸುವ ಬಗೆ ತಿಳಿಯಬೇಕು. ಓಡಾಟ ಬೇಡವೇ ಬೇಡ ಎಂಬುದು ಉತ್ತರವಲ್ಲ. ದಿನವಿಡೀ ಕಟ್ಟಿದ ನಾಯಿ ಬೊಜ್ಜುಗಟ್ಟುತ್ತದೆ, ಸಿಡುಕಾಗುತ್ತದೆ, ಅದರ ಮನಸ್ಸು ಕೆಡುತ್ತದೆ. 1960ರ ಪ್ರಾಣಿಗಳ ಮೇಲಿನ ಕ್ರೌರ್ಯ ತಡೆ ಕಾಯ್ದೆಯ 11ನೆಯ ಕಲಂ ಅನ್ನ, ನೀರು, ಆಸರೆ ಕೊಡದಿರುವುದನ್ನು ಅಪರಾಧವೆಂದು ಎಣಿಸುವುದರ ಜೊತೆಗೆ, ಸದಾ ಕಟ್ಟಿಹಾಕಿದ ನಾಯಿಗೆ ತಕ್ಕಷ್ಟು ಓಡಾಟ ಕೊಡದ ಒಡೆಯನನ್ನೂ ಅಪರಾಧಿಯೆನ್ನುತ್ತದೆ. ಮೊದಲ ಸಲದ ತಪ್ಪಿಗೆ ದಂಡ ಹತ್ತರಿಂದ ಐವತ್ತು ರೂಪಾಯಿ. ದಂಡ ಹಾಸ್ಯಾಸ್ಪದವೆನಿಸಿದರೂ ತತ್ತ್ವ ಗಟ್ಟಿಯಾದದ್ದು: ಕಟ್ಟಿದವನೇ ಬಿಚ್ಚಿ ತಿರುಗಿಸಬೇಕು.

ತಿರುಗಿಸುವ ಹೊತ್ತನ್ನು ಕುರಿಗಾರರಿಂದ ಕಲಿಯಬಹುದು. ಹಾಲುಮತದ ಕುರುಬರ ಕುರಿಹಿಂಡುಗಳು ಬೇಸಿಗೆಯಲ್ಲಿ ಕೊಯ್ಲಾದ ಹೊಲಗಳಲ್ಲಿ ತಂಗುತ್ತ ಸಾಗುವಾಗ ಮೇಯುವುದು ಮುಂಜಾನೆ ಮತ್ತು ಇಳಿಹೊತ್ತಿನಲ್ಲಿ. ನೆತ್ತಿಯ ಮೇಲೆ ಸೂರ್ಯ ಬಂದಾಗ ಹಿಂಡು ಮರದಡಿ ತಲೆಬಾಗಿಸಿ ಒತ್ತಾಗಿ ನಿಂತಿರುತ್ತದೆ, ನಾಯಿಗಳು ಪಕ್ಕದಲ್ಲಿ ಮಲಗಿರುತ್ತವೆ. ತೋಳನ ಕಾವಲಿನ ಅವುಗಳ ನಿಜವಾದ ದುಡಿಮೆ ರಾತ್ರಿಯದು. ಹಗಲ ನಿದ್ದೆ ಸೋಮಾರಿತನವಲ್ಲವೆಂದು ಕುರಿಗಾರ ಬಲ್ಲ. ಚಕ್ಕಡಿಗಳ ಕಾಲದಲ್ಲಿ ಜಾತ್ರೆಗೆ ಹೊರಟವರ ನಾಯಿಯೂ ಗಾಡಿಯ ಕೆಳಗಿನ ನೆರಳಿನಲ್ಲಿ ಎತ್ತಿನ ಹೆಜ್ಜೆಗೆ ಹೆಜ್ಜೆ ಕೂಡಿಸಿ ನಡೆಯುತ್ತಿತ್ತು. ಟ್ರ್ಯಾಕ್ಟರಿನ ಹಿಂದೆ ಓಡುವ ನಾಯಿಗೆ ಆ ನೆರಳೂ ಇಲ್ಲ, ಆ ವೇಗವನ್ನು ಹಿಡಿಯುವ ಶಕ್ತಿಯೂ ಇಲ್ಲ.

ಊರಿನ ಮನೆಗಳಿಗೆ ಇದರ ಅರ್ಥ ಸರಳ. ಬೇಸಿಗೆಯಲ್ಲಿ ನಾಯಿಯ ನಡಿಗೆ ಸೂರ್ಯ ಏರುವ ಮೊದಲು ಮುಗಿಯಬೇಕು, ಸಂಜೆಯದು ನೆಲ ಆರಿದ ಮೇಲೆ ಆರಂಭವಾಗಬೇಕು. ನೆಲದ ಕಾವು ಗಾಳಿಯ ಕಾವಿಗಿಂತ ಬಹಳ ಹೆಚ್ಚು. ಗಾಳಿ 35 ಡಿಗ್ರಿ ಇರುವಾಗ ನೇರ ಬಿಸಿಲಿನಲ್ಲಿರುವ ಡಾಂಬರು 55 ಡಿಗ್ರಿ ದಾಟುವುದುಂಟು, ಸೂರ್ಯ ಮುಳುಗಿದ ಮೇಲೂ ಅದು ಬೇಗ ಆರುವುದಿಲ್ಲ. ಕೈಯ ಹಿಂಬದಿಯನ್ನು ರಸ್ತೆಗೆ ಐದಾರು ಸೆಕೆಂಡು ಊರಿ ನೋಡಿ, ತಾಳಲಾಗದಿದ್ದರೆ ನಾಯಿಯ ಪಾದವೂ ತಾಳಲಾರದೆಂದು ತಿಳಿಯಬೇಕು. ಹೆದ್ದಾರಿಯ ಬದಿಗಿಂತ ಮಣ್ಣಿನ ದಾರಿ, ಕೆರೆಯ ಏರಿ ಮೇಲು. ಓಟಕ್ಕಿಂತ ಮೂಸುತ್ತ ನಿಧಾನ ನಡೆಯುವುದು ನಾಯಿಗೆ ಹೆಚ್ಚಿನ ತೃಪ್ತಿ ಕೊಡುತ್ತದೆ, ಅದರ ಮನಸ್ಸಿಗೆ ವ್ಯಾಯಾಮವಾಗುವುದು ಮೂಗಿನಿಂದ. ತೆಳ್ಳನೆಯ ಮೈಯ ಮುಧೋಳ ನಾಯಿ ಬಿಸಿಲಿಗೆ ಒಗ್ಗಿದ ತಳಿಯೆಂಬ ಧೈರ್ಯದಿಂದ ಅದನ್ನು ಮಧ್ಯಾಹ್ನ ಓಡಿಸುವವರಿದ್ದಾರೆ. ಬಿಸಿಲಿನಲ್ಲಿ ಬದುಕುವುದು ಬೇರೆ, ಬಿಸಿಲಿನಲ್ಲಿ ನಾಗಾಲೋಟ ಹೂಡುವುದು ಬೇರೆ. ಓಟದಲ್ಲಿ ಸ್ನಾಯುಗಳು ಹುಟ್ಟಿಸುವ ಕಾವಿಗೆ ತಳಿಯ ರಿಯಾಯಿತಿ ಇಲ್ಲ.

ನೀರಿನ ಲೆಕ್ಕ ಕಿಲೋ ತೂಕಕ್ಕೆ ದಿನಕ್ಕೆ 50ರಿಂದ 60 ಮಿಲಿಲೀಟರ್. ಹದಿನೈದು ಕಿಲೋ ನಾಯಿಗೆ ಮುಕ್ಕಾಲು ಲೀಟರಿಗಿಂತ ಮೇಲೆ, ಸೆಕೆಯಲ್ಲಿ ಇದರ ದುಪ್ಪಟ್ಟು ಬೇಕಾದೀತು. ಸ್ಟೀಲಿನ ಬಟ್ಟಲಿನ ನೀರು ಬಿಸಿಲಿನಲ್ಲಿ ಕುಡಿಯಲಾಗದಷ್ಟು ಕಾಯುತ್ತದೆ. ಅಗಲ ಬಾಯಿಯ ಮಣ್ಣಿನ ಬೋಗುಣಿಯನ್ನು ನೆರಳಿನಲ್ಲಿಟ್ಟರೆ ತಂಪು ಉಳಿಯುತ್ತದೆ. ಅದನ್ನು ದಿನವೂ ತಿಕ್ಕಿ ತೊಳೆಯಬೇಕು. ತಗಡಿನ ಸೂರು ನೆರಳೇ ಅಲ್ಲ, ಅದರ ಕೆಳಗೆ ಕಾವು ಮೇಲಿನಿಂದ ಸುರಿಯುತ್ತಿರುತ್ತದೆ. ಸೋಗೆ ಅಥವಾ ಒದ್ದೆ ಗೋಣಿ ಹೊದಿಸಿ ಗಾಳಿಯಾಡಲು ಬಿಟ್ಟರೆ ಮಾತ್ರ ಅದು ಆಸರೆಯಾಗುತ್ತದೆ. ದಟ್ಟ ತುಪ್ಪಳವೆಂದು ನುಣ್ಣಗೆ ಬೋಳಿಸುವುದೂ ತಪ್ಪು, ಚರ್ಮ ನೇರವಾಗಿ ಸುಡುತ್ತದೆ. ಉದುರಿದ ಒಳಕೂದಲನ್ನು ಬಾಚಿ ತೆಗೆದರೆ ಸಾಕು. ಸೆಕೆಯಲ್ಲಿ ಉಣ್ಣಿಗಳು ಹೆಚ್ಚುವುದರಿಂದ ಬೆರಳ ಸಂದು, ಕಿವಿಯೊಳಗನ್ನು ದಿನವೂ ನೋಡಬೇಕು. ಬ್ಯಾಡಗಿಯಲ್ಲಿ ಇನ್ನೊಂದು ಎಚ್ಚರ ಬೇಕು. ಅಲ್ಲಿನ ಮೆಣಸಿನಕಾಯಿ ಬಣ್ಣಕ್ಕೆ ಹೆಸರಾದದ್ದು, 2011ರಲ್ಲಿ ಭೌಗೋಳಿಕ ಸೂಚ್ಯಂಕ ಪಡೆದದ್ದು, ಖಾರ ಕಡಿಮೆಯದು. ಆದರೂ ಒಣಗಿಸುವ ಕಣ, ಗೋದಾಮುಗಳ ದೂಳಿನ ಘಾಟು ಮನುಷ್ಯರನ್ನೇ ಸೀನಿಸುವಾಗ, ಏದುಸಿರು ಬಿಡುತ್ತ ನೆಲಕ್ಕೆ ಮೂಗು ಹಚ್ಚಿ ನಡೆಯುವ ನಾಯಿಯನ್ನು ಆ ದಾರಿಯಲ್ಲಿ ಒಯ್ಯುವುದು ಹಿಂಸೆಯೇ ಸರಿ.

ಒಂದು ಪ್ರಾಣಿಯ ಋಣ ತೀರಿಸಲು ಇನ್ನೊಂದನ್ನು ಬಲಿಗೊಡುವ ಹಕ್ಕೂ ಒಡೆಯನಿಗಿಲ್ಲ. ರಾಣೆಬೆನ್ನೂರಿನ ಕೃಷ್ಣಮೃಗ ಅಭಯಾರಣ್ಯ 1974ರಲ್ಲಿ ಘೋಷಿತವಾದದ್ದು. ಸುಮಾರು 119 ಚದರ ಕಿಲೋಮೀಟರ್ ಹರಡಿದೆ. ತಂಪು ಹೊತ್ತು, ಬಯಲು ಜಾಗ ಎಂದು ಅದರ ಅಂಚಿನಲ್ಲಿ ನಾಯಿಯನ್ನು ಬಿಚ್ಚಿಬಿಟ್ಟರೆ ಅದು ಸಹಜವಾಗಿಯೇ ಜಿಂಕೆಯ ಬೆನ್ನು ಹತ್ತುತ್ತದೆ. ಬೇಸಿಗೆಯಲ್ಲಿ ನೀರಿನ ಹೊಂಡಕ್ಕೆ ಬಂದ ಕೃಷ್ಣಮೃಗ ಬೆದರಿ ಓಡಿದರೆ ಅದಕ್ಕೂ ಅದೇ ಶಾಖ, ಅದೇ ದಣಿವು. ಅಲ್ಲಿ ಹಗ್ಗ ಕೈಯಲ್ಲಿರಬೇಕು. ಕಟ್ಟುವುದು ಎಲ್ಲಿಯೂ ತಪ್ಪೇ ಎಂದು ಈ ವಾದವನ್ನು ಎಳೆಯುವವರಿಗೆ ಇದೇ ಉತ್ತರ: ಹಗ್ಗದಲ್ಲಿ ದೋಷವಿಲ್ಲ, ಅದರ ಜೊತೆ ಬಂದ ಹೊಣೆಯನ್ನು ಬಿಡುವುದರಲ್ಲಿ ದೋಷವಿದೆ.

ಯಾರೂ ಕಟ್ಟದ ಬೀದಿನಾಯಿಯ ವಿಚಾರ ಕೊನೆಯದು, ಕಷ್ಟದ್ದೂ ಹೌದು. ಅದಕ್ಕೆ ಒಡೆಯನಿಲ್ಲವಾದ್ದರಿಂದ ಋಣವೂ ಇಲ್ಲವೆನ್ನಬಹುದೇ? ಹಿಂದೆ ಬಾವಿಯ ಪಕ್ಕದ ಕಲ್ಲಿನ ಬಾನಿಯಲ್ಲಿ ದನಗಳಿಗೆ ಬಿಟ್ಟ ನೀರು ನಾಯಿಗೂ ಸಿಗುತ್ತಿತ್ತು, ಕೆರೆ ಹತ್ತಿರವಿತ್ತು. ದಾರಿಹೋಕರಿಗೆ ಅರವಟ್ಟಿಗೆ ಇಡಿಸುವುದು ಪುಣ್ಯವೆಂದು ಶಾಸನಗಳಲ್ಲಿ ಬರೆಸಿದ ನಾಡಿದು. ಈಗ ನೀರು ಕೊಳವೆಬಾವಿಯಿಂದ ಪೈಪಿನಲ್ಲಿ ನೇರ ಟಾಕಿಗೆ ಹೋಗುತ್ತದೆ, ದಾರಿಯಲ್ಲಿ ಎಲ್ಲಿಯೂ ತೆರೆದುಕೊಳ್ಳುವುದಿಲ್ಲ. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳ ಪೈಕಿ 223ನ್ನು ಬರಪೀಡಿತವೆಂದು ಘೋಷಿಸಿದ ಮೇಲೆ ಬಂದ ಬೇಸಿಗೆಯಲ್ಲಿ ಮನುಷ್ಯರೇ ಕೊಡಗಳ ಸಾಲು ಹಚ್ಚಿದ್ದರು. ಊರು ತನ್ನ ಅನುಕೂಲಕ್ಕೆ ನೀರನ್ನೆಲ್ಲ ಮುಚ್ಚಿಟ್ಟುಕೊಂಡಿದ್ದರಿಂದ ಬೀದಿನಾಯಿಯನ್ನು ಊರೇ ಒಂದು ಬಗೆಯಲ್ಲಿ ಕಟ್ಟಿಹಾಕಿದೆ. ಆ ಮಟ್ಟಿಗೆ ಋಣ ಊರಿನದು, ನಗರಸಭೆಯದು, ಅಂಗಡಿಕಾರರದು, ಗುಡಿಯದು, ದರ್ಗಾದ್ದು.

ಈ ಋಣಕ್ಕೆ ಎದುರು ತೂಗುವ ಇನ್ನೊಂದು ಬಾಧ್ಯತೆಯೂ ಇದೆ. ಕಚ್ಚಿಸಿಕೊಂಡ ಮಗುವಿನ ತಾಯಿಗೆ ಕರುಣೆಯ ಉಪದೇಶ ಮಾಡುವುದು ಕ್ರೂರವಾದೀತು. ರೇಬೀಸ್ ಬಿಸಿಲಿನಿಂದ ಹುಟ್ಟುವುದಿಲ್ಲ, ಸೋಂಕಿದ ಪ್ರಾಣಿಯ ಜೊಲ್ಲಿನ ಮೂಲಕ ಹರಡುವ ವೈರಾಣುವಿನಿಂದ ಬರುತ್ತದೆ. ಆದರೆ ಶಾಖಾಘಾತವಾದ ನಾಯಿಯೂ ಜೊಲ್ಲು ಸುರಿಸುತ್ತದೆ, ತೂರಾಡುತ್ತದೆ; ಹುಚ್ಚುನಾಯಿಯೆಂದು ಕಲ್ಲೇಟು ತಿನ್ನುವ ಸಂಭವ ಅದಕ್ಕಿದೆ. ಗೊತ್ತಿಲ್ಲದ ಅಂಥ ನಾಯಿಯ ಬಾಯಿಗೆ ಕೈ ಒಯ್ಯದೆ, ದೂರದಲ್ಲಿ ನೀರಿಟ್ಟು ಹಿಂದೆ ಸರಿದು, ಮಕ್ಕಳನ್ನು ದೂರವಿರಿಸಿ ಪಶುವೈದ್ಯರಿಗೆ ತಿಳಿಸುವುದು ಎರಡೂ ಬಾಧ್ಯತೆಗಳಿಗೆ ಸಲ್ಲುವ ನಡೆ. ಸಂವಿಧಾನಕ್ಕೆ 1976ರ 42ನೆಯ ತಿದ್ದುಪಡಿಯ ಮೂಲಕ ಸೇರಿದ 51ಎ ವಿಧಿ ಜೀವಿಗಳ ಮೇಲೆ ಅನುಕಂಪವನ್ನು ನಾಗರಿಕರ ಕರ್ತವ್ಯಗಳಲ್ಲಿ ಒಂದಾಗಿಸಿದೆ. 2023ರ ಪ್ರಾಣಿ ಜನನ ನಿಯಂತ್ರಣ ನಿಯಮಗಳು ಬೀದಿನಾಯಿಗಳಿಗೆ ಸಂತಾನಹರಣ ಚಿಕಿತ್ಸೆ ಮತ್ತು ರೇಬೀಸ್ ಲಸಿಕೆಯನ್ನು ಸ್ಥಳೀಯ ಸಂಸ್ಥೆಗಳ ಕೆಲಸವಾಗಿಸಿವೆ. ಅನ್ನವಿಡುವ ಜಾಗ ಮಕ್ಕಳ ಆಟದ ಬಯಲು, ಮೆಟ್ಟಿಲು, ಮನೆಗಳ ಬಾಗಿಲಿನಿಂದ ದೂರವಿರಬೇಕೆಂದೂ ಹೇಳುತ್ತವೆ. ನೀರಿನ ಬೋಗುಣಿಗೂ ಇದೇ ವಿವೇಕ ಸಲ್ಲುತ್ತದೆ. ಜನ ಓಡಾಡುವ ಬಾಗಿಲಿಗಿಂತ ಹಿತ್ತಲ ಗೋಡೆಯ ನೆರಳು, ಮಾರುಕಟ್ಟೆಯ ಲಾರಿಗಳು ಹಿಂದೆ ಸರಿಯುವ ಜಾಗಕ್ಕಿಂತ ಆವರಣದ ಮೂಲೆಯ ಬೇವಿನ ಬುಡ ಅದಕ್ಕೆ ತಕ್ಕ ಸ್ಥಳ. ಬೆಳಿಗ್ಗೆ ತುಂಬಿದ ಬೋಗುಣಿ ಮಧ್ಯಾಹ್ನದ ಹೊತ್ತಿಗೆ ಬರಿದಾಗುವುದರಿಂದ ಹನ್ನೆರಡರ ಸುಮಾರಿಗೆ ಇನ್ನೊಮ್ಮೆ ತುಂಬಬೇಕಾಗುತ್ತದೆ.